ಹಳ್ಳಿಯನ್ನು ತಲುಪಿದ ಮದ್ದು

ಸರಕನ್ನು ತಯಾರಿಸುವುದು ಒಂದು ಕೆಲಸ. ಅದನ್ನು ಬೇಕಾದವರಿಗೆ ಮುಟ್ಟಿಸುವುದು ಇನ್ನೊಂದು ಕೆಲಸ. ಮನೆಗಳು ಚದುರಿರುವ, ಮಳೆಗಾಲದಲ್ಲಿ ದಾರಿ ಕೆಡುವ ಹಳ್ಳಿಗಾಡಿನಲ್ಲಿ ಈ ಎರಡನೆಯದೇ ಹೆಚ್ಚು ಕಷ್ಟಕರವಾದುದು. ಪ್ರತಿಯೊಬ್ಬ ತಯಾರಕನೂ ತನ್ನದೇ ವಾಹನವನ್ನು ಅಲ್ಲಿಗೆ ಕಳುಹಿಸಿದರೆ ಸಾಗಾಣಿಕೆಯ ವೆಚ್ಚವೇ ಸರಕಿನ ಬೆಲೆಯನ್ನು ಮೀರೀತು. ಆದುದರಿಂದ ಆ ಹೊಣೆಯನ್ನು ಅದರಲ್ಲಿ ಪಳಗಿದ ಇತರರಿಗೆ ವಹಿಸುವ ಪದ್ಧತಿ ಬೆಳೆದುಬಂದಿದೆ. ಆಫ್ರಿಕಾ ಖಂಡದ ಜಾಂಬಿಯ ದೇಶದಲ್ಲಿ ಈ ಪದ್ಧತಿಯು ಎಳೆಯ ಮಕ್ಕಳ ಪ್ರಾಣರಕ್ಷಣೆಗೆ ನೆರವಾಯಿತು.

1980ರ ದಶಕದಲ್ಲಿ ಸೈಮನ್ ಬೆರಿ ಎಂಬ ಆಂಗ್ಲರು ಅಲ್ಲಿ ಅಭಿವೃದ್ಧಿ ಕಾರ್ಯದಲ್ಲಿ ತೊಡಗಿದ್ದರು. ಕುಗ್ರಾಮದ ಅಂಗಡಿಯಲ್ಲಿಯೂ ಕೋಕಾ-ಕೋಲಾ ದೊರೆಯುವುದನ್ನು ಅವರು ಕಂಡರು. ಆದರೆ ಭೇದಿಯಿಂದ ಬಳಲುವ ಮಗುವಿಗೆ ಬೇಕಾದ ಅಗ್ಗದ ಮದ್ದು ಅಲ್ಲಿ ದುರ್ಲಭವಾಗಿತ್ತು. ಭೇದಿಯಾದಾಗ ಶರೀರವು ನೀರನ್ನೂ ಲವಣಗಳನ್ನೂ ಕಳೆದುಕೊಳ್ಳುತ್ತದೆ. ಓಆರ್‌ಎಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದರೆ ಆ ನಷ್ಟವು ತುಂಬಿಬರುತ್ತದೆ. ಸತುವಿನ ಮಾತ್ರೆಯು ಭೇದಿಯ ಅವಧಿಯನ್ನು ತಗ್ಗಿಸುತ್ತದೆ.

ಪಾನೀಯ ಸಾಗುವ ದಾರಿಯಲ್ಲಿ ಮದ್ದೇಕೆ ಸಾಗಬಾರದು? ಈ ಪ್ರಶ್ನೆಯಿಂದ ಕೋಲಾಲೈಫ್ ಎಂಬ ಸೇವಾಸಂಸ್ಥೆ ಹುಟ್ಟಿತು. ಕ್ರೇಟಿನಲ್ಲಿ ಬಾಟಲಿಗಳ ಕತ್ತುಗಳ ನಡುವೆ ಉಳಿಯುವ ತೆರಪಿಗೆ ಸರಿಹೊಂದುವ ಪೊಟ್ಟಣವೊಂದನ್ನು ಅದು ರೂಪಿಸಿತು. ಪುಡಿ, ಮಾತ್ರೆ, ಸಾಬೂನುಗಳು ಅದರಲ್ಲಿದ್ದವು. ಖಾಲಿಯಾದ ಪೊಟ್ಟಣವೇ ನೀರನ್ನು ಅಳೆಯುವ ಪಾತ್ರೆಯೂ ಕುಡಿಯುವ ಲೋಟವೂ ಆಗುತ್ತಿತ್ತು.

2012-13ರಲ್ಲಿ ಪ್ರಯೋಗ ನಡೆಯಿತು. ಆಗ ಅನಿರೀಕ್ಷಿತವಾದ ಸಂಗತಿಯೊಂದು ಬೆಳಕಿಗೆ ಬಂದಿತು. ಕ್ರೇಟಿನ ತೆರಪನ್ನು ಬಳಸಿದ ಅಂಗಡಿಕಾರರು ಬಹು ವಿರಳ. ಅವರು ಪಟ್ಟಣದ ಸಗಟು ವ್ಯಾಪಾರಿಯಲ್ಲಿಗೆ ಬಂದು, ಇತರ ಸಾಮಾನುಗಳೊಡನೆ ಪೊಟ್ಟಣಗಳನ್ನೂ ಕೊಂಡು, ತಮ್ಮ ಅನುಕೂಲಕ್ಕೆ ತಕ್ಕಂತೆ ಊರಿಗೆ ಒಯ್ಯುತ್ತಿದ್ದರು. ಪಾನೀಯವೂ ಹಳ್ಳಿಯನ್ನು ತಲುಪುತ್ತಿದ್ದುದು ಇಂತಹ ಸ್ವತಂತ್ರ ವ್ಯಾಪಾರಿಗಳ ಕೈಯಿಂದಲೇ. ತಾಯಂದಿರು ಕೇಳಿ ಕೊಳ್ಳುವ ವಸ್ತುವನ್ನು ತಂದು ಮಾರಿದರೆ ಅವರಿಗೆ ನಾಲ್ಕು ಕಾಸು ಉಳಿಯುತ್ತಿತ್ತು. ಆ ಲಾಭವೇ ಸಾಗಾಣಿಕೆಯ ಕೂಲಿಯಾಯಿತು. ಬಡ ತಾಯಂದಿರೂ ಕೊಳ್ಳಲೆಂದು ಪ್ರಯೋಗಕಾಲದಲ್ಲಿ ಚೀಟಿಗಳನ್ನು ಹಂಚಲಾಗಿತ್ತು.

ಒಂದು ವರ್ಷದಲ್ಲಿ, ಪ್ರಯೋಗ ನಡೆದ ಪ್ರದೇಶಗಳಲ್ಲಿ, ಭೇದಿಯಾದ ಮಕ್ಕಳ ಪೈಕಿ ಓಆರ್‌ಎಸ್ ಮತ್ತು ಸತು ಎರಡನ್ನೂ ಪಡೆದವರ ಪ್ರಮಾಣವು ಶೇಕಡ 1ಕ್ಕಿಂತಲೂ ಕಡಿಮೆಯಿದ್ದುದು ಸುಮಾರು 45ಕ್ಕೆ ಏರಿತು. ಸಂಸ್ಥೆಯು ತನ್ನ ಮೊದಲ ಕಲ್ಪನೆಗೆ ಜೋತುಬೀಳಲಿಲ್ಲ. ಕ್ರೇಟಿನ ಆಕಾರಕ್ಕೆ ಕಟ್ಟುಬೀಳದ, ಇನ್ನೂ ಅಗ್ಗದ ಪೊಟ್ಟಣವನ್ನು ರೂಪಿಸಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಓಆರ್‌ಎಸ್ ಮತ್ತು ಸತು ಒಂದೇ ಪೊಟ್ಟಣದಲ್ಲಿರುವ ಮದ್ದನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಇತರರ ನೆರವಿನಿಂದ ಸರಕನ್ನು ಸಾಗಿಸಬಯಸುವವನು ಮೊದಲು ಆ ಇತರರ ದುಡಿಮೆಯನ್ನು ಅರಿಯಬೇಕು. ಕೈಯಿಂದ ಕೈಗೆ ಸಾಗುವ ಆ ಸರಪಳಿಯಲ್ಲಿ ಪ್ರತಿಯೊಬ್ಬನಿಗೂ ನ್ಯಾಯವಾದ ಪ್ರತಿಫಲ ದೊರೆತಾಗ ಮಾತ್ರ ಮದ್ದು ಕಟ್ಟಕಡೆಯ ಗುಡಿಸಲಿನ ಮಗುವನ್ನು ಮುಟ್ಟುತ್ತದೆ.