ಚದರದ ಲೆಕ್ಕ, ಗೋಡೆಯ ಲೆಕ್ಕ

ಬೆಂಗಳೂರು, ಮೈಸೂರಿನ ಕಡೆ ಮನೆ ಕಟ್ಟಿಸುವ ಮಾತು ಶುರುವಾಗುವುದೇ ‘ಚದರಕ್ಕೆ ಎಷ್ಟು?’ ಎಂಬ ಪ್ರಶ್ನೆಯಿಂದ. ನೂರು ಚದರಡಿ ಸೇರಿದರೆ ಒಂದು ಚದರ. ಹನ್ನೆರಡು ಚದರದ ಮನೆಯಾದರೆ ದರವನ್ನು ಹನ್ನೆರಡರಿಂದ ಗುಣಿಸಿದರೆ ಮುಗಿಯಿತು. ಕಟ್ಟಡದ ಖರ್ಚಿನ ಅಂದಾಜು ಮಾಡುವುದನ್ನು ಕಲಿಯುತ್ತ ಹೋದಂತೆ ಈ ಗುಣಾಕಾರದ ಮೇಲಿನ ನನ್ನ ನಂಬಿಕೆ ಸಡಿಲವಾಯಿತು. ಹೇಳುವ ದರ ಸುಳ್ಳಿರಬೇಕೆಂದೇನೂ ಇಲ್ಲ. ಆದರೆ ದುಡ್ಡು ಹೋಗುವುದು ಪಾಯ, ಗೋಡೆ, ಚಾವಣಿ, ನೀರು ಬಳಸುವ ಕೋಣೆಗಳಿಗೆ. ಚದರದ ಲೆಕ್ಕಕ್ಕೆ ಕಾಣುವುದು ನೆಲ ಮಾತ್ರ. ಆದ್ದರಿಂದ ಈ ವಿದ್ಯೆ ಕಲಿಯುವವರು ದರಪಟ್ಟಿಗೆ ಕೈಹಾಕುವ ಮುನ್ನ ಅಳತೆಯಲ್ಲಿ ಪಳಗಬೇಕು ಎಂದು ನಾನು ವಾದಿಸುತ್ತೇನೆ.

ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಕಟ್ಟಡದ ವಿಸ್ತೀರ್ಣ 100 ಚದರ ಮೀಟರ್. ಇಪ್ಪತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ್ದೂ ಅಷ್ಟೇ. ಚದರದ ದರದಲ್ಲಿ ಎರಡಕ್ಕೂ ಒಂದೇ ಬೆಲೆ. ಆದರೆ ಮೊದಲನೆಯದರ ಹೊರಗೋಡೆ ಸುತ್ತ 40 ಮೀಟರ್, ಎರಡನೆಯದರದು 50. ಗೋಡೆ 3 ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಂಡು, ಮೂಲೆ ಮತ್ತು ಬಾಗಿಲು ಕಿಟಕಿಗಳ ಲೆಕ್ಕ ಬಿಟ್ಟರೆ, ಒಂದಕ್ಕೆ 24 ಘನ ಮೀಟರ್ ಕಟ್ಟಣೆ, ಇನ್ನೊಂದಕ್ಕೆ 30. ಘನ ಮೀಟರಿಗೆ 500 ಮಾಡ್ಯುಲರ್ ಇಟ್ಟಿಗೆ ಎಂದರೂ 3,000 ಇಟ್ಟಿಗೆ ಹೆಚ್ಚು ಬೇಕು. ಒಳಗೂ ಹೊರಗೂ ಸೇರಿ 60 ಚದರ ಮೀಟರ್ ಪ್ಲಾಸ್ಟರಿಂಗ್, ಅಷ್ಟೇ ಬಣ್ಣ, ಕೆಳಗೆ 10 ಮೀಟರ್ ಪಾಯ ಜಾಸ್ತಿ. ಚಿಕ್ಕ ಮನೆಯ ಕಥೆ ಇನ್ನೊಂದು ಬಗೆಯದು. ಮನೆ ಅರ್ಧವಾದರೆ ಅಡುಗೆಮನೆ, ಬಚ್ಚಲು, ಸಂಪು, ಬೋರ್‌ವೆಲ್, ಮೆಟ್ಟಿಲು ಅರ್ಧವಾಗುವುದಿಲ್ಲ. ಸಣ್ಣ ಮನೆಯವರಿಗೆ ಚದರದ ಬೆಲೆ ಜಾಸ್ತಿ ಬೀಳುವುದಕ್ಕೆ ಕಾಂಟ್ರಾಕ್ಟರನ ದುರಾಸೆಯೇ ಕಾರಣವಾಗಿರಬೇಕಿಲ್ಲ.

ಅಳತೆಗೂ ನಿಯಮಗಳಿವೆ, ಮೊದಮೊದಲು ಅವು ಕ್ಷುಲ್ಲಕವಾಗಿ ಕಾಣುತ್ತವೆ. ಭಾರತೀಯ ಮಾನಕವಾದ ಐ.ಎಸ್. 1200ರ ಪ್ರಕಾರ ಪ್ಲಾಸ್ಟರಿಂಗ್ ಅಳೆಯುವಾಗ ಅರ್ಧ ಚದರ ಮೀಟರಿನೊಳಗಿನ ಕಿಂಡಿಯನ್ನು ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್ ಮೀರದಿದ್ದರೆ, ಎರಡೂ ಕಡೆ ಒಂದೇ ಬಗೆಯ ಕೆಲಸವಾದಾಗ, ಒಂದು ಮೈಯನ್ನಷ್ಟೇ ಕಳೆಯಬೇಕು. ಅದಕ್ಕೂ ದೊಡ್ಡದಾದರೆ ಎರಡೂ ಮೈ ಕಳೆದು, ಕಿಟಕಿಯ ಒಳ ಅಂಚುಗಳನ್ನು ಬೇರೆಯಾಗಿ ಸೇರಿಸಬೇಕು. ಇಲ್ಲದ ಗೋಡೆಗೆ ದುಡ್ಡು ಕೊಡುವುದೇ ಎಂದು ಮಾಲೀಕ ಕೇಳಬಹುದು. ಕಿಟಕಿಯ ಅಂಚು ತಿದ್ದುವುದಕ್ಕೆ ಬಯಲು ಗೋಡೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆಂದು ಗಾರೆ ಮೇಸ್ತ್ರಿಗೆ ಗೊತ್ತು. ಕಳೆಯದೆ ಬಿಟ್ಟ ಆ ಒಂದು ಮೈ ಅಂಚಿನ ಕೆಲಸಕ್ಕೆ ಸಲ್ಲುವ ಕೂಲಿ. ಇಂಥ ನಿಯಮವನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದವರಿಗೆ ಅದರ ಹಿಂದಿನ ನ್ಯಾಯ ಕಾಣದೆ ಹೋಗುವುದೇ ನಮ್ಮ ಪಾಠಕ್ರಮದ ದೊಡ್ಡ ಕೊರತೆ ಎಂದು ನನಗನಿಸುತ್ತದೆ.

ನಕ್ಷೆಯೇ ಇಲ್ಲದಾಗ ಚದರದ ದರ ಬಿಟ್ಟರೆ ಗತಿಯೇನು ಎಂಬ ಆಕ್ಷೇಪ ಸರಿಯಾದದ್ದೇ. ಕೇಂದ್ರ ಲೋಕೋಪಯೋಗಿ ಇಲಾಖೆ ಕೂಡ ವಿಸ್ತೀರ್ಣದ ಮೇಲಿನ ದರಗಳನ್ನು ಪ್ರಕಟಿಸುತ್ತದೆ. ಆದರೆ ಅದು ಪ್ರಾಥಮಿಕ ಅಂದಾಜಿನ ಸಾಧನ; ಆಮೇಲೆ ಬಾಬ್ತುವಾರು ವಿವರವಾದ ಅಂದಾಜು ಬರಲೇಬೇಕು. ಮನೆ ಕಟ್ಟಿಸುವ ಬಹಳ ಜನ ಮೊದಲ ಮೆಟ್ಟಿಲಲ್ಲೇ ಕರಾರಿಗೆ ಸಹಿ ಹಾಕಿಬಿಡುತ್ತಾರೆ, ತೊಂದರೆ ಅಲ್ಲಿರುವುದು. ಬೆಲೆ ದಿನದಿನಕ್ಕೆ ಬದಲಾಗುವಾಗ ಇಷ್ಟು ಅಳೆದು ಏನು ಬಂತು ಎನ್ನುವವರೂ ಇದ್ದಾರೆ. ಬೆಲೆ ಬದಲಾಗುವುದರಿಂದಲೇ ಅಳತೆ ಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. 1:1.5:3 ಮಿಶ್ರಣದ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಬೇಕು. ತನ್ನ ಮನೆಗೆ ಎಷ್ಟು ಘನ ಮೀಟರ್ ಕಾಂಕ್ರೀಟ್ ಎಂದು ಗೊತ್ತಿದ್ದವನು ಅದರಲ್ಲಿ ಉಳಿಯಬೇಕಾದ ದುಡ್ಡನ್ನು ಅಂದೇ ಲೆಕ್ಕ ಹಾಕಿ ಕೇಳಬಲ್ಲ. ಚದರಕ್ಕಿಷ್ಟೆಂದು ಒಪ್ಪಿದವನು ಯಾವ ಆಧಾರದ ಮೇಲೆ ಕೇಳಿಯಾನು?

ಇನ್ನು ಸಾಫ್ಟ್‌ವೇರ್. ಮಾದರಿ ಸರಿಯಾಗಿದ್ದರೆ ಇಟ್ಟಿಗೆ, ಕಬ್ಬಿಣವನ್ನು ಅದು ನಮಗಿಂತ ಬೇಗ ಎಣಿಸುತ್ತದೆ, ತಪ್ಪೂ ಕಡಿಮೆ. ಆದರೆ ಬರೆಯದೆ ಇದ್ದದ್ದನ್ನು ಅದು ಎಣಿಸಲಾರದು. ಪಾಯ ಅಗೆಯುವ ಬಾಬ್ತಿನಲ್ಲಿ ಮಣ್ಣಿಗೆ ಒಂದು ದರ, ಗಟ್ಟಿ ಬಂಡೆಗೆ ಬೇರೆಯೇ ದರ. ನೆಲದಡಿ ಯಾವುದಿದೆಯೆಂಬುದು ನಕ್ಷೆಯಲ್ಲಿ ಇರುವುದಿಲ್ಲ. ಅಂದಾಜು ಪಟ್ಟಿಯ ಕೊನೆಗೆ ‘ಅನಿರೀಕ್ಷಿತ ವೆಚ್ಚ’ ಎಂದು ಶೇ 3ರಿಂದ 5ರಷ್ಟು ಸೇರಿಸುವುದು ಇಂಥದ್ದಕ್ಕೇ. ಚೌಕಾಸಿಗೆ ಕೂತವರು ಮೊದಲು ಹೊಡೆದುಹಾಕುವುದೂ ಅದೇ ಸಾಲನ್ನು. ಅಗೆದಾಗ ಬಂಡೆ ಎದ್ದರೆ ಅದನ್ನು ಒಡೆಯುವ ದುಡ್ಡು ಕಿಟಕಿ ಬಾಗಿಲಿನ ಬಾಬ್ತಿನಿಂದ ಹೋಗುತ್ತದೆ, ತೇಗದ ಬಾಗಿಲು ಫ್ಲಶ್ ಡೋರ್ ಆಗುತ್ತದೆ.