ರಕ್ತ ತೆಗೆದ ಹೊತ್ತು, ತೆಗೆದ ಜಾಗ

ಸಕ್ಕರೆ ಕಾಯಿಲೆ ಇದ್ದದ್ದು ಅಪ್ಪನಿಗೆ. ಆದರೆ ಬೆಳಗಿನ ಜಾವ ಬೆವೆತು, ಮಾತು ತೊದಲಿ, ನಮ್ಮ ಗುರುತೇ ಸಿಗದೆ ಕೂರುತ್ತಿದ್ದವಳು ಅಮ್ಮ. ಬೆಲ್ಲದ ನೀರು ಕುಡಿದರೆ ಸ್ವಲ್ಪ ಹೊತ್ತಿಗೆಲ್ಲ ಮೊದಲಿನಂತಾಗುತ್ತಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ರಕ್ತದಲ್ಲಿ ಹುಡುಕಲು ಏನೂ ಉಳಿದಿರುತ್ತಿರಲಿಲ್ಲ. ಮೂರ್ಛೆರೋಗದ ಮಾತ್ರೆಯೂ ಕೆಲಕಾಲ ನಡೆಯಿತು.

ಹಾರ್ಮೋನ್ ತಜ್ಞರು ಅಮ್ಮನನ್ನು ವಾರ್ಡಿಗೆ ಸೇರಿಸಿಕೊಂಡು ಉಪವಾಸ ಇರಿಸಿದರು. ಗರಿಷ್ಠ 72 ಗಂಟೆ. ನೀರು ಬಿಟ್ಟರೆ ಬೇರೇನಿಲ್ಲ. ಮನೆಯಲ್ಲಿ ಮಾಡುವ ಪರೀಕ್ಷೆ ಇದಲ್ಲ, ಪಕ್ಕದಲ್ಲಿ ಗ್ಲೂಕೋಸ್ ಸಿರಿಂಜ್ ಸಿದ್ಧವಿರಲೇಬೇಕು. ಅಮ್ಮ ನನ್ನ ಹೆಸರು ತಪ್ಪಿ ಕರೆದಾಗ ಸಿಸ್ಟರ್ ಮೊದಲು ರಕ್ತ ತೆಗೆದರು, ಆಮೇಲೆ ಗ್ಲೂಕೋಸ್ ಕೊಟ್ಟರು. ಆ ಕೆಲವು ಕ್ಷಣ ನನಗೆ ತಡೆದುಕೊಳ್ಳಲಾಗಲಿಲ್ಲ. ಆದರೆ ನಮಗೆ ಬೇಕಿದ್ದ ಉತ್ತರವಿದ್ದದ್ದು ಆ ರಕ್ತದಲ್ಲೇ.

ಗ್ಲೂಕೋಸ್ 41, ಇನ್ಸುಲಿನ್ 14. ಬೇರೆ ದಿನವಾಗಿದ್ದರೆ ಆ 14ನ್ನು ನೋಡಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಸಕ್ಕರೆ 55ಕ್ಕಿಂತ ಕೆಳಗಿಳಿದಾಗ ಇನ್ಸುಲಿನ್ 3ಕ್ಕಿಂತ ಕಡಿಮೆಯಾಗಿರಬೇಕಂತೆ. ಅಂದಿನಿಂದ ಯಾರೇ ಇನ್ಸುಲಿನ್ ರಿಪೋರ್ಟ್ ತೋರಿಸಿದರೂ, ಅದೇ ಹೊತ್ತಿನ ಗ್ಲೂಕೋಸ್ ಎಷ್ಟಿತ್ತೆಂದು ಕೇಳುತ್ತೇನೆ.

ಮುಂದಿನ ಪ್ರಶ್ನೆ ಅಮ್ಮನಿಗೆ ನೋವು ತಂದಿತು. ಅಪ್ಪನ ಇನ್ಸುಲಿನ್, ಗ್ಲಿಮೆಪಿರೈಡ್ ಎಲ್ಲಿಡುತ್ತೀರಿ ಎಂದು ವೈದ್ಯರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ದೇಹ ತಾನೇ ಇನ್ಸುಲಿನ್ ತಯಾರಿಸುವಾಗ ಅದರ ಜೊತೆಗೆ ಅಷ್ಟೇ ಪ್ರಮಾಣದಲ್ಲಿ ಸಿ-ಪೆಪ್ಟೈಡ್ ಹೊರಬರುತ್ತದೆ. ಚುಚ್ಚಿಕೊಂಡ ಇನ್ಸುಲಿನ್ನಿನಲ್ಲಿ ಅದಿರುವುದಿಲ್ಲ. ಅಮ್ಮನ ಸಿ-ಪೆಪ್ಟೈಡ್ ಹೆಚ್ಚಿತ್ತು, ಹಾಗಾಗಿ ಇಂಜೆಕ್ಷನ್ ಅನುಮಾನ ಹೋಯಿತು. ಮಾತ್ರೆಯ ಅನುಮಾನ ಉಳಿಯಿತು, ಏಕೆಂದರೆ ಗ್ಲಿಮೆಪಿರೈಡ್ ಜಾತಿಯ ಮಾತ್ರೆಗಳು ಎರಡನ್ನೂ ಏರಿಸುತ್ತವೆ. ಅದೇ ರಕ್ತದಲ್ಲಿ ಮಾತ್ರೆಯ ಅಂಶವನ್ನೂ ಹುಡುಕಿಸಿದರು. ಇರಲಿಲ್ಲ. ಉಳಿದದ್ದು ಇನ್ಸುಲಿನೋಮಾ, ಮೇದೋಜೀರಕ ಗ್ರಂಥಿಯ ಗಡ್ಡೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ನಾಲ್ವರಿಗೆ ಬರುವಂಥದ್ದು. ಬಹುಪಾಲು ಕ್ಯಾನ್ಸರ್ ಅಲ್ಲ, ಎರಡು ಸೆಂಟಿಮೀಟರಿಗಿಂತ ಚಿಕ್ಕದು.

ಅಷ್ಟು ಚಿಕ್ಕದಾದ್ದರಿಂದಲೇ ಇರಬೇಕು, ಸ್ಕ್ಯಾನುಗಳಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ. ಆಗ ಮತ್ತೆ ರಕ್ತದ ಮೊರೆ ಹೋದರು, ಈ ಸಲ ತೋಳಿನಿಂದಲ್ಲ. ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ, ಗ್ರಂಥಿಯ ಬೇರೆ ಬೇರೆ ಭಾಗಕ್ಕೆ ರಕ್ತ ಒಯ್ಯುವ ಅಪಧಮನಿಗಳಿಗೆ ಒಂದೊಂದಾಗಿ ಕ್ಯಾಲ್ಸಿಯಂ ಬಿಟ್ಟರು. ಪ್ರತಿ ಬಾರಿಯೂ ಯಕೃತ್ತಿನಿಂದ ಹೊರಬರುವ ಅಭಿಧಮನಿಯ ರಕ್ತವನ್ನು ಸೆಕೆಂಡುಗಳ ಲೆಕ್ಕದಲ್ಲಿ ತೆಗೆದರು. ಕ್ಯಾಲ್ಸಿಯಂ ತಾಗಿದರೆ ಗಡ್ಡೆ ಇನ್ಸುಲಿನ್ ಸುರಿಸುತ್ತದೆ, ಆರೋಗ್ಯವಾದ ಭಾಗ ಹಾಗೆ ಮಾಡುವುದಿಲ್ಲ. ಒಂದು ನಿಮಿಷದೊಳಗೆ ಇನ್ಸುಲಿನ್ ಎರಡು ಪಟ್ಟು ಏರಿದರೆ ಆ ಅಪಧಮನಿಯ ಸೀಮೆಯಲ್ಲೇ ಮೂಲವಿದೆ ಎಂದರ್ಥ. ಅಮ್ಮನದು ಗುಲ್ಮದ ಅಪಧಮನಿಯಲ್ಲಿ ಏರಿತು, ಉಳಿದವುಗಳಲ್ಲಿ ಅಲುಗಲಿಲ್ಲ.

ಎಲ್ಲೆಂದು ತಿಳಿಯದೆ ಗ್ರಂಥಿಯ ಅರ್ಧಕ್ಕರ್ಧ ಕತ್ತರಿಸುತ್ತಿದ್ದ ಕಾಲವೊಂದಿತ್ತು. ಹಾಗೆ ಕಳೆದುಕೊಂಡವರಿಗೆ ಮುಂದೆ ಸಕ್ಕರೆ ಕಾಯಿಲೆಯೇ ಬರಬಹುದಿತ್ತು. ಅಮ್ಮನ ಶಸ್ತ್ರಚಿಕಿತ್ಸಕರು ಗುಲ್ಮದ ಅಪಧಮನಿ ರಕ್ತ ಒಯ್ಯುವ, ಗ್ರಂಥಿಯ ಬಾಲದ ಭಾಗಕ್ಕೆ ನೇರವಾಗಿ ಹೋಗಿ, ಬೆರಳಿಗೆ ಸಿಕ್ಕ ಗಡ್ಡೆಯನ್ನು ಅದರ ಸುತ್ತಲಿನ ತುಸು ಭಾಗದೊಂದಿಗೆ ತೆಗೆದರು. ಉಳಿದ ಗ್ರಂಥಿಯನ್ನು ಮುಟ್ಟಬೇಕಾಗಲಿಲ್ಲ.