ನೀರು ಸಂರಕ್ಷಣಾ ಜಿಲ್ಲೆಗಳು ಒಂದಾದಾಗ ಹಣದ ಲೆಕ್ಕ

ಎರಡು ನೀರಿನ ಸಂಸ್ಥೆಗಳು ಒಂದಾದರೆ ಆಡಳಿತದ ಖರ್ಚು ಉಳಿಯಬಹುದು. ಆದರೆ ಚಿಕ್ಕ ಸಂಸ್ಥೆಯ ರೈತನಿಗೆ ಒಂದು ಚಿಂತೆ ಇದ್ದೇ ಇರುತ್ತದೆ. ದೊಡ್ಡದರ ಖರ್ಚು ತನ್ನ ಬಾವಿಯ ಮೇಲೆ ಬೀಳುವುದೇ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಉದಾಹರಣೆ ನೋಡೋಣ. ಅಲ್ಲಿ ನೀರು ಸಂರಕ್ಷಣಾ ಜಿಲ್ಲೆ ಎಂದರೆ ಕಂದಾಯ ಜಿಲ್ಲೆಯಲ್ಲ. ಅಂತರ್ಜಲ ಕಾಪಾಡಿ ಶುಲ್ಕ ವಸೂಲು ಮಾಡುವ ಸ್ಥಳೀಯ ಸಂಸ್ಥೆ. ಸಾಂಟಾ ಕ್ಲಾರಾ ಕಣಿವೆಯ ದಕ್ಷಿಣ ಭಾಗದ ಚಿಕ್ಕ ಜಿಲ್ಲೆಯೊಂದು 1955ರಲ್ಲಿ ಚೆಸ್‌ಬ್ರೊ, 1957ರಲ್ಲಿ ಊವಾಸ್ ಅಣೆಕಟ್ಟು ಕಟ್ಟಿತ್ತು. ಮುಂದೆ ಗವಿಲಾನ್ ಎಂದು ಹೆಸರಾದ ಈ ಜಿಲ್ಲೆ 1987ರಲ್ಲಿ ಉತ್ತರದ ದೊಡ್ಡ ಜಿಲ್ಲೆಯೊಡನೆ ಸೇರಿತು. ಉತ್ತರದಲ್ಲಿ ನಗರಗಳಿವೆ, ನೀರು ಶುದ್ಧೀಕರಣದ ದೊಡ್ಡ ಘಟಕಗಳಿವೆ. ದಕ್ಷಿಣದಲ್ಲಿ ಬೇಸಾಯ ಹೆಚ್ಚು.

ಊಹೆಯ ಲೆಕ್ಕ

ಉತ್ತರದ ಖರ್ಚು ವರ್ಷಕ್ಕೆ 90 ಲಕ್ಷ ರೂ., ಎತ್ತುವ ನೀರು 30,000 ಎಕರೆ-ಅಡಿ ಎನ್ನೋಣ. ದರ 300 ರೂ. ಆಗುತ್ತದೆ. ದಕ್ಷಿಣದ ಖರ್ಚು 10 ಲಕ್ಷ, ನೀರು 10,000 ಎಕರೆ-ಅಡಿ; ದರ 100 ರೂ. ಎರಡನ್ನೂ ಕೂಡಿಸಿ ಒಂದೇ ದರ ಮಾಡಿದರೆ 250 ರೂ. ಉತ್ತರದವರಿಗೆ 50 ರೂ. ಉಳಿತಾಯ, ದಕ್ಷಿಣದವರಿಗೆ 150 ರೂ. ಹೊರೆ.

ವಲಯವಾರು ದರ

ಅಲ್ಲಿ ಹಾಗೆ ಮಾಡಲಿಲ್ಲ. ಆಡಳಿತ ಒಂದಾದರೂ ಅಂತರ್ಜಲದ ಶುಲ್ಕವನ್ನು ವಲಯವಾರು ಬೇರೆ ಇಡಲಾಯಿತು. 2020ರಲ್ಲಿ ದಕ್ಷಿಣದ ಒಂದೇ ವಲಯವನ್ನು ಮೂರು ಮಾಡಲಾಯಿತು. ಪಡೆದ ಅನುಕೂಲಕ್ಕೆ ತಕ್ಕಂತೆ ಶುಲ್ಕ ಎಂಬುದೇ ಇದರ ತತ್ವ. ಇದಲ್ಲದೆ ಬೇಸಾಯದ ನೀರಿನ ದರ ಇತರ ಬಳಕೆಯ ದರದ ಕಾಲು ಭಾಗವನ್ನು ಮೀರಬಾರದೆಂದು ಆ ಜಿಲ್ಲೆಯ ಕಾಯಿದೆ ಹೇಳುತ್ತದೆ.

ಬರೆದಿಡಬೇಕಾದ ಕರಾರುಗಳು

1. ಎರಡೂ ಕಡೆಯ ಆಸ್ತಿ, ಸಾಲ, ಬರಬೇಕಾದ ಬಾಕಿಗಳ ಪಟ್ಟಿ.
2. ಹಳೆಯ ಸಾಲವನ್ನು ಯಾವ ವಲಯದವರು ತೀರಿಸಬೇಕು ಎಂಬುದು.
3. ಕೂಡಿಟ್ಟ ನಿಧಿ ಯಾವ ಕಾಮಗಾರಿಗೆ ಸಲ್ಲಬೇಕು ಎಂಬುದು.
4. ಕಚೇರಿ, ಸಿಬ್ಬಂದಿಯಂತಹ ಸಾಮಾನ್ಯ ಖರ್ಚನ್ನು ಹಂಚುವ ಅಳತೆ.
5. ಪ್ರತಿ ವಲಯದ ಜಮಾ-ಖರ್ಚನ್ನು ವರ್ಷವೂ ಪ್ರಕಟಿಸುವ ನಿಯಮ.

ನಮ್ಮಲ್ಲಿಯೂ ಎರಡು ನೀರು ಬಳಕೆದಾರರ ಸಂಘಗಳು ಒಂದಾಗುವ ಮಾತು ಬಂದರೆ, ರೈತ ಬಾಂಧವರು ಸರ್ವ ಸದಸ್ಯರ ಸಭೆಯಲ್ಲಿ ಈ ಐದನ್ನೂ ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿದ ಮೇಲೆಯೇ ಒಪ್ಪಿಗೆ ಕೊಡುವುದು ಒಳ್ಳೆಯದು.